ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕ್: ಡಿಎಂಡಿಇ ಮೊದಲು, ಫೋಟೋರೆಕ್ ಆಮೇಲೆ

ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ, ಅಂದರೆ ಫೈಲ್ ಸಿಸ್ಟಮ್) ಇದ್ದ ಡಿಸ್ಕ್ ಕೈತಪ್ಪಿ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಫೈಲ್ ಮರಳಿ ಪಡೆಯಲು ಮೊದಲು ತೆರೆಯಬೇಕಾದ ತಂತ್ರಾಂಶ ಡಿಎಂಡಿಇ. ಅದು ಬಿಟ್ಟದ್ದನ್ನು ಹೆಕ್ಕಲು ಫೋಟೋರೆಕ್. ಮೈಕ್ರೋಸಾಫ್ಟಿನ ವಿಂಡೋಸ್ ಫೈಲ್ ರಿಕವರಿ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ರೆಕುವಾ ಈ ಕೆಲಸಕ್ಕಲ್ಲ. ಈ ಕ್ರಮಕ್ಕೆ ಕಾರಣ ಒಂದೇ: ಫೈಲ್ ಸಿಕ್ಕರೆ ಸಾಲದು, ಅದರ ಹೆಸರೂ ಫೋಲ್ಡರೂ ಜೊತೆಗೇ ಸಿಗಬೇಕು.

ಹೋಲಿಸಿ ನೋಡಿದ್ದು 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ. ಮದುವೆ ಫೋಟೋ, ಮೊಬೈಲ್ ವಿಡಿಯೋ, ವಾಟ್ಸಾಪ್ ಚಿತ್ರ, ಕನ್ನಡ ಹೆಸರಿನ ವರ್ಡ್ ಫೈಲ್, ಟ್ಯಾಲಿ ಲೆಕ್ಕ, ಹೀಗೆ ಮನೆಯಲ್ಲೂ ಅಂಗಡಿಯಲ್ಲೂ ಇರುವಂಥದ್ದನ್ನೇ ತುಂಬಿ, ಒಮ್ಮೆ ಎನ್‌ಟಿಎಫ್‌ಎಸ್‌ಗೇ, ಇನ್ನೊಮ್ಮೆ ಎಕ್ಸ್‌ಫ್ಯಾಟ್ ಎಂಬ ಬೇರೆ ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿ ನೋಡಿದ್ದು.

ತಂತ್ರಾಂಶ ಆರಿಸುವ ಮೊದಲು ಒಂದು ಮಾತು. ಫಾರ್ಮ್ಯಾಟ್ ಕೆಲವೇ ಸೆಕೆಂಡಿನಲ್ಲಿ ಮುಗಿದಿತ್ತೇ, ಗಂಟೆಗಟ್ಟಲೆ ನಡೆದಿತ್ತೇ ನೆನಪಿಸಿಕೊಳ್ಳಿ. ವಿಂಡೋಸ್ ವಿಸ್ತಾದಿಂದ ಈಚೆಗೆ ಫುಲ್ ಫಾರ್ಮ್ಯಾಟ್ ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತದೆ. ಅದು ಪೂರ್ತಿಯಾಗಿದ್ದರೆ ಯಾವ ತಂತ್ರಾಂಶಕ್ಕೂ ಕೆಲಸವಿಲ್ಲ. ಎಸ್‌ಎಸ್‌ಡಿಯಲ್ಲಿ ಕ್ವಿಕ್ ಫಾರ್ಮ್ಯಾಟ್ ಕೂಡ ಟ್ರಿಮ್ ಆದೇಶ (ಈ ಜಾಗ ಇನ್ನು ಬೇಡವೆಂದು ಡಿಸ್ಕಿಗೆ ಹೇಳುವುದು) ಕಳಿಸುವುದರಿಂದ ಫಲಿತಾಂಶ ಹೆಚ್ಚುಕಡಿಮೆ ಅದೇ. 2.5 ಇಂಚಿನ ಕೆಲವು ಎಸ್‌ಎಂಆರ್ (ಸಾಲುಗಳನ್ನು ಒಂದರ ಮೇಲೊಂದು ಅಂಚು ಬರುವಂತೆ ಬರೆಯುವ) ಹಾರ್ಡ್ ಡಿಸ್ಕ್‌ಗಳೂ ಟ್ರಿಮ್ ಪಾಲಿಸುತ್ತವೆ. ಟ್ರಿಮ್ ಆದ ಡಿಸ್ಕಿನಲ್ಲಿ ಎಲ್ಲಿ ಓದಿದರೂ ಸೊನ್ನೆಯೇ ಬರುತ್ತಿದ್ದರೆ ತಂತ್ರಾಂಶ ಬದಲಿಸುತ್ತಾ ಕೂರಬೇಡಿ. ಡಿಸ್ಕಿನ ಕೇಬಲ್ ಕಿತ್ತು, ಫರ್ಮ್‌ವೇರ್ (ಡಿಸ್ಕಿನೊಳಗಿನ ತಂತ್ರಾಂಶ) ಮಟ್ಟದಲ್ಲಿ ಓದಬಲ್ಲ ಪ್ರಯೋಗಾಲಯಕ್ಕೆ ಕೊಡಿ. ಟಕ್ ಟಕ್ ಶಬ್ದ ಮಾಡುವ ಡಿಸ್ಕಿಗೂ ಅದೇ ದಾರಿ.

ಉಳಿದವರು ಮೊದಲು ಇಮೇಜ್, ಅಂದರೆ ಇಡೀ ಡಿಸ್ಕಿನ ಯಥಾಪ್ರತಿ, ತೆಗೆಯಿರಿ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಬಳಸಿ, ಎಲ್ಲಿಯವರೆಗೆ ಓದಿದೆಯೆಂದು ಗುರುತಿಡುವ ಮ್ಯಾಪ್ ಫೈಲ್ ಹೆಸರನ್ನು ತಪ್ಪದೆ ಕೊಡಿ; ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಯುಎಸ್‌ಬಿ 3ರಲ್ಲಿ ಸೆಕೆಂಡಿಗೆ 100 ಎಂಬಿ ಬಂದರೆ 1 ಟಿಬಿಗೆ ಸುಮಾರು 3 ಗಂಟೆ. ಹಳೆಯ ಯುಎಸ್‌ಬಿ 2 ಪೋರ್ಟಿಗೆ ಸಿಕ್ಕಿಸಿದರೆ 9 ಗಂಟೆ ದಾಟುತ್ತದೆ. ಇಮೇಜ್ ಬೀಳುವ ಡಿಸ್ಕ್ ಫ್ಯಾಟ್32 ಆಗಿರಬಾರದು, 4 ಜಿಬಿ ದಾಟಿದ ಫೈಲನ್ನು ಅದು ಒಪ್ಪುವುದಿಲ್ಲ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಪೆಂಡಿಂಗ್ ಸೆಕ್ಟರ್ (ಓದಲು ತೊಡಕಾಗಿರುವ ಜಾಗ) ಎಣಿಕೆ ಸೊನ್ನೆಗಿಂತ ಹೆಚ್ಚಿದ್ದರೆ ಮೂಲ ಡಿಸ್ಕಿನ ಮೇಲೆ ನೇರವಾಗಿ ಸ್ಕ್ಯಾನ್ ಓಡಿಸಲೇಬಾರದು.

ಡಿಎಂಡಿಇ ಯಾಕೆ ಗೆಲ್ಲುತ್ತದೆ? ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿಗೂ ಫೋಲ್ಡರಿಗೂ ಸಾಮಾನ್ಯವಾಗಿ 1 ಕೆಬಿಯ ಒಂದು ದಾಖಲೆ ಇರುತ್ತದೆ. ಹೆಸರು, ದಿನಾಂಕ, ತಾಯಿ ಫೋಲ್ಡರಿನ ಸಂಖ್ಯೆ, ಡಿಸ್ಕಿನಲ್ಲಿ ಫೈಲಿನ ತುಂಡುಗಳು ಎಲ್ಲೆಲ್ಲಿವೆ ಎಂಬ ಪಟ್ಟಿ, ಎಲ್ಲವೂ ಅದರಲ್ಲೇ. ಈ ದಾಖಲೆಗಳ ಕೋಷ್ಟಕವೇ ಎಂಎಫ್‌ಟಿ. 4 ಕೆಬಿ ಕ್ಲಸ್ಟರಿನ (ಜಾಗ ಹಂಚುವ ತುಣುಕಿನ) ದೊಡ್ಡ ಡಿಸ್ಕಿನಲ್ಲಿ ವಿಂಡೋಸ್ ಇದನ್ನು ವಾಡಿಕೆಯಂತೆ ಆರಂಭದಿಂದ 3 ಜಿಬಿ ದೂರದಲ್ಲಿ ಶುರುಮಾಡುತ್ತದೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಆದಾಗ 1 ಟಿಬಿಗೆ ಬೇಕಾಗುವ ಹೊಸ ಕೋಷ್ಟಕ ಮೂವತ್ತು ಎಂಬಿ ಆಸುಪಾಸು, ಅದೂ ಡಿಸ್ಕಿನ ಮೊದಲಲ್ಲೇ. ಹಾಗಾಗಿ ಹಳೆಯ ಎಂಎಫ್‌ಟಿ ಮುಟ್ಟದೆ ಉಳಿಯುತ್ತದೆ, ಫೋಲ್ಡರ್ ಮರ ಹೆಚ್ಚುಕಡಿಮೆ ಇದ್ದಂತೆಯೇ ಎದ್ದು ಬರುತ್ತದೆ.

ಎನ್‌ಟಿಎಫ್‌ಎಸ್‌ಗೇ ಮತ್ತೆ ಫಾರ್ಮ್ಯಾಟ್ ಆದರೆ ಸ್ವಲ್ಪ ಕಷ್ಟ. ಹೊಸ ಎಂಎಫ್‌ಟಿ ಹಳೆಯದರ ತಲೆಯ ಮೇಲೇ ಕೂರುತ್ತದೆ. ಮೊದಲು ಅಳಿಯುವುದು ಆರಂಭದ ದಾಖಲೆಗಳು, ಅಂದರೆ ಡಿಸ್ಕ್ ತಂದ ದಿನ ಮಾಡಿದ ಮೊದಮೊದಲ ಫೋಲ್ಡರ್‌ಗಳ ಹೆಸರು. ಒಳಗಿನ ಫೈಲ್‌ಗಳು ತಾಯಿ ಫೋಲ್ಡರಿನ ಸಂಖ್ಯೆಯನ್ನು ಇಟ್ಟುಕೊಂಡಿರುವುದರಿಂದ ಗುಂಪು ಚದುರುವುದಿಲ್ಲ, ಗುಂಪಿನ ಹೆಸರಷ್ಟೇ ಹೋಗುತ್ತದೆ. ಫಾರ್ಮ್ಯಾಟ್ ಆದ ಮೇಲೆ ಡಿಸ್ಕಿಗೆ ಏನಾದರೂ ಹಾಕಿದರೆ ಮಾತ್ರ ನಷ್ಟ ಬೆಳೆಯುತ್ತದೆ: ಸೇರಿದ ಒಂದೊಂದು ಫೈಲೂ, ಅದೆಷ್ಟೇ ಚಿಕ್ಕದಿರಲಿ, ಒಂದು ಹಳೆಯ ದಾಖಲೆಯನ್ನು ನುಂಗಬಹುದು.

ಡಿಎಂಡಿಇಗೆ ಇನ್‌ಸ್ಟಾಲ್ ಬೇಡ. ಇಮೇಜನ್ನು (ಇಲ್ಲವೇ ಡ್ರೈವ್ ಅಕ್ಷರವನ್ನು ಬಿಟ್ಟು ಫಿಸಿಕಲ್ ಡಿಸ್ಕನ್ನು) ತೆರೆದು ಫುಲ್ ಸ್ಕ್ಯಾನ್ ಕೊಡಿ, ಎನ್‌ಟಿಎಫ್‌ಎಸ್ ಒಂದನ್ನೇ ಟಿಕ್ ಮಾಡಿ. ಫುಲ್ ಸ್ಕ್ಯಾನೇ ಬೇಕು; ಎಂಎಫ್‌ಟಿಯ ತುಂಡುಗಳು ಎಲ್ಲಿವೆಯೆಂದು ಹೇಳುವ ಅದರದೇ ಮೊದಲ ದಾಖಲೆ ಅಳಿದಿರುವುದರಿಂದ ಇಡೀ ಡಿಸ್ಕನ್ನು ಜಾಲಾಡದೆ ವಿಧಿಯಿಲ್ಲ. ಸಿಕ್ಕ ವಾಲ್ಯೂಮ್‌ಗಳಲ್ಲಿ ಹಳೆಯದನ್ನು ತೆರೆದು ‘ಆಲ್ ಫೌಂಡ್’ ಒತ್ತಿ, ರಿಕನ್‌ಸ್ಟ್ರಕ್ಷನ್‌ಗೆ ಒಪ್ಪಿ. ಹೆಸರುಗಳು ಯೂನಿಕೋಡ್‌ನಲ್ಲಿರುವುದರಿಂದ ಕನ್ನಡದ ಫೋಲ್ಡರ್ ಹೆಸರು ಕನ್ನಡದಲ್ಲೇ ಮರಳುತ್ತದೆ. ಉಚಿತ ಆವೃತ್ತಿಗೆ ಮಿತಿಯಿದೆ: ಒಂದು ಸಲಕ್ಕೆ ಒಂದು ಫೋಲ್ಡರಿನಿಂದ 4000 ಫೈಲ್, ಒಳ ಫೋಲ್ಡರ್‌ಗಳನ್ನು ಒಟ್ಟಿಗೆ ತೆಗೆಯಲಾಗದು. ಎಷ್ಟು ಸಲ ಬೇಕಾದರೂ ಮಾಡಬಹುದು.

ಒಂದು ಎಚ್ಚರ. ದಾಖಲೆ ಉಳಿದು, ಫೈಲಿನ ಜಾಗದಲ್ಲಿ ಬೇರೆಯದು ಕೂತಿದ್ದರೂ ಡಿಎಂಡಿಇ ಸರಿಯಾದ ಹೆಸರು, ಸರಿಯಾದ ಗಾತ್ರದಲ್ಲೇ ಫೈಲ್ ಕೊಡುತ್ತದೆ. ತೆರೆದು ನೋಡದೆ ನಂಬಬೇಡಿ.

ಈಗ ಫೋಟೋರೆಕ್. ಉಚಿತ, ಮುಕ್ತ ತಂತ್ರಾಂಶ, ಮಿತಿಯೇ ಇಲ್ಲ. ಆದರೆ ಇದು ಫೈಲ್ ಸಿಸ್ಟಮ್ಮಿನ ಗೊಡವೆಗೇ ಹೋಗುವುದಿಲ್ಲ. ಪ್ರತಿ ಬಗೆಯ ಫೈಲಿನ ಆರಂಭದಲ್ಲಿರುವ ಗುರುತಿನ ಬೈಟ್‌ಗಳನ್ನು ಹುಡುಕಿ ಅಲ್ಲಿಂದ ಕೆತ್ತಿ ತೆಗೆಯುತ್ತದೆ. ಹೆಸರಿನ ಜಾಗದಲ್ಲಿ ಎಫ್ ಅಕ್ಷರ ಮತ್ತು ಉದ್ದನೆಯ ಅಂಕಿ. ಐನೂರು ಐನೂರು ಫೈಲಿಗೆ ಒಂದೊಂದು ಫೋಲ್ಡರ್. 40,000 ಫೋಟೋ ಇದ್ದ ಡಿಸ್ಕೆಂದರೆ ಕನಿಷ್ಠ 80 ಫೋಲ್ಡರ್, ಯಾವುದರಲ್ಲಿ ಏನಿದೆಯೆಂದು ತೆರೆದೇ ನೋಡಬೇಕು. ಟಿ ಅಕ್ಷರದಿಂದ ಶುರುವಾಗುವ ಪುಟ್ಟ ಚಿತ್ರಗಳು ಫೋಟೋದೊಳಗಿನ ಥಂಬ್‌ನೇಲ್‌ಗಳು; ಅವನ್ನು ಮೊದಲೇ ಬೇರ್ಪಡಿಸಿ.

ಕ್ಯಾಮೆರಾ ಫೋಟೋಗಳಿಗೆ ಪರಿಹಾರವಿದೆ: ಫೋಟೋದೊಳಗೆ ಕ್ಯಾಮೆರಾ ಬರೆದಿಟ್ಟ ಎಕ್ಸಿಫ್ ಮಾಹಿತಿ ಓದುವ ಎಕ್ಸಿಫ್‌ಟೂಲ್‌ನಿಂದ ಚಿತ್ರ ತೆಗೆದ ದಿನಾಂಕವನ್ನೇ ಹೆಸರಾಗಿಸಬಹುದು, ಒಂದೇ ಸೆಕೆಂಡಿನ ಎರಡು ಚಿತ್ರಗಳು ಢಿಕ್ಕಿಯಾಗದಂತೆ ಕೊನೆಗೆ ಕ್ರಮಸಂಖ್ಯೆ ಸೇರಿಸಿ. ವಾಟ್ಸಾಪ್ ಚಿತ್ರಕ್ಕೆ ಈ ದಾರಿಯೂ ಮುಚ್ಚಿದೆ. ವಾಟ್ಸಾಪ್ ಫೋಟೋ ಕಳಿಸುವಾಗ ಎಕ್ಸಿಫ್ ಮಾಹಿತಿ ಕಿತ್ತುಹಾಕುತ್ತದೆ. ದಿನಾಂಕ ಉಳಿದಿದ್ದುದು ಫೈಲಿನ ಹೆಸರಿನಲ್ಲಿ ಮಾತ್ರ. ಹೆಸರು ಹೋದರೆ ದಿನಾಂಕವೂ ಹೋಯಿತು. ತೀರಿಕೊಂಡವರ ಚಿತ್ರ ಯಾವ ಹಬ್ಬದ್ದು, ಯಾವ ವರ್ಷದ್ದು ಎಂದು ಮನೆಯವರು ಕೇಳಿದರೆ ಉತ್ತರ ಎಲ್ಲೂ ಉಳಿದಿರುವುದಿಲ್ಲ.

ಟ್ಯಾಲಿಯದು ಇನ್ನೂ ಕಷ್ಟ. ಕಂಪನಿಯ ಲೆಕ್ಕ 10000 ಥರದ ಅಂಕಿಯ ಫೋಲ್ಡರಿನೊಳಗೆ ನಿಗದಿತ ಹೆಸರಿನ, ಟ್ಯಾಲಿಯ ಇಆರ್‌ಪಿ 9 ಆವೃತ್ತಿಯಲ್ಲಾದರೆ 900 ಎಂದು ಕೊನೆಗೊಳ್ಳುವ ಹಲವು ಫೈಲ್‌ಗಳಾಗಿ ಇರುತ್ತದೆ. ಅವು ಅದೇ ಹೆಸರಿನಲ್ಲಿ ಒಂದೇ ಕಡೆ ಕೂಡಿಬರದಿದ್ದರೆ ಕಂಪನಿ ತೆರೆಯುವುದಿಲ್ಲ. ಈ ಕೆಲಸಕ್ಕೆ ಫೋಟೋರೆಕ್ ನೆಚ್ಚಿಕೊಳ್ಳುವಂತಿಲ್ಲ.

ತುಂಡಾದ ಫೈಲ್ ಮತ್ತೊಂದು ಪೆಟ್ಟು. ಮೊಬೈಲ್ ವಿಡಿಯೋದ ಸೂಚಿ ಸಾಮಾನ್ಯವಾಗಿ ಫೈಲಿನ ಕೊನೆಯಲ್ಲಿರುತ್ತದೆ. ಫೈಲ್ ಎರಡು ಕಡೆ ಹಂಚಿಹೋಗಿದ್ದರೆ ಆ ತುದಿ ಸೇರದೆ ವಿಡಿಯೋ ಓಡುವುದೇ ಇಲ್ಲ. ಡಿಎಂಡಿಇ ದಾಖಲೆಯ ಪಟ್ಟಿ ನೋಡಿ ತುಂಡುಗಳನ್ನು ಜೋಡಿಸುತ್ತದೆ.

ಆದರೂ ಫೋಟೋರೆಕ್ ಬೇಕು. ಕ್ಯಾಮೆರಾದ ಮೆಮೊರಿ ಕಾರ್ಡಿಗೆ ಅದೇ ಮೊದಲ ಆಯ್ಕೆ, ಅಲ್ಲಿ ಫೈಲ್‌ಗಳು ಹೆಚ್ಚಾಗಿ ಒಂದೇ ಸಾಲಾಗಿ ಕೂತಿರುತ್ತವೆ. ‘ಫೈಲ್ ಆಪ್ಟ್’ನಲ್ಲಿ ಬೇಕಾದ ಬಗೆಗಳನ್ನಷ್ಟೇ ಆರಿಸಿ: ಹೊಸ ವರ್ಡ್, ಎಕ್ಸೆಲ್ ಫೈಲ್‌ಗಳು ಜಿಪ್ ಕೆಳಗೆ, ಎಂಪಿ4 ವಿಡಿಯೋಗಳು ಎಂಒವಿ ಕೆಳಗೆ ಬರುತ್ತವೆ. ಇದು ತಿಳಿಯದೆ ಬಹಳ ಜನ ಅವನ್ನೇ ಬಿಟ್ಟುಬಿಡುತ್ತಾರೆ.

ವಿಂಡೋಸ್ ಫೈಲ್ ರಿಕವರಿ ಉಚಿತ, ವಿಂಡೋಸ್ 10ರ 2004 ಆವೃತ್ತಿಯಿಂದ ಮುಂದಕ್ಕೆ ಓಡುತ್ತದೆ. ಫಾರ್ಮ್ಯಾಟ್ ಆದ ಡಿಸ್ಕಿಗೆ ಎಕ್ಸ್‌ಟೆನ್ಸಿವ್ ಮೋಡ್ ಕೊಡಬೇಕು. ಹೆಸರು ತರುತ್ತದೆ, ಆದರೆ ಮೊದಲು ಪಟ್ಟಿ ತೋರಿಸಿ ಆರಿಸಲು ಬಿಡುವುದಿಲ್ಲ. ಡ್ರೈವ್ ಅಕ್ಷರವೂ ಬೇಕು, ಹಾಗಾಗಿ ಇಮೇಜನ್ನು ಇನ್ನೊಂದು ಡಿಸ್ಕಿಗೆ ಬರೆದು ಓಡಿಸಬೇಕು.

ರೆಕುವಾ ಕಸದಬುಟ್ಟಿಯಿಂದ ಅಳಿದದ್ದಕ್ಕೆ ಸರಿ.

ಟೆಸ್ಟ್‌ಡಿಸ್ಕ್ ಪಾರ್ಟಿಷನ್ ಕಳೆದಾಗ ಉಪಯೋಗ, ಫಾರ್ಮ್ಯಾಟಿಗಲ್ಲ. ಅದರ ‘ರೈಟ್’ ಒತ್ತಿದರೆ ಡಿಸ್ಕಿನ ಮೇಲೇ ಬರೆಯುತ್ತದೆ.

ದುಡ್ಡಿನ ವಿಚಾರ. ಹತ್ತಿಪ್ಪತ್ತು ಫೋಲ್ಡರ್ ಬೇಕಿದ್ದರೆ ಉಚಿತ ಡಿಎಂಡಿಇ ಸಾಕು, ಒಂದೊಂದಾಗಿ ತೆಗೆಯುವ ತಾಳ್ಮೆ ಬೇಕಷ್ಟೆ. ವರ್ಷಗಳ ಫೋಲ್ಡರ್ ಮರ ಒಟ್ಟಿಗೆ ಬೇಕಿದ್ದರೆ ಒಂದು ವರ್ಷದ ಎಕ್ಸ್‌ಪ್ರೆಸ್ ಪರವಾನಗಿ ಕೊಳ್ಳಿ, ಹೊಸ 1 ಟಿಬಿ ಡಿಸ್ಕಿಗಿಂತ ಅಗ್ಗ. ಕೊಳ್ಳುವ ಮೊದಲು ಉಚಿತದಲ್ಲೇ ಮುಖ್ಯವಾದ ನಾಲ್ಕು ಫೈಲ್ ತೆಗೆದು, ತೆರೆದು ನೋಡಿ; ಅವು ತೆರೆಯದಿದ್ದರೆ ಪರವಾನಗಿಯಿಂದಲೂ ತೆರೆಯುವುದಿಲ್ಲ.