ಒಂದು ಡಾಲರಿಗೆ ಕೈ ಬದಲಾದ ಪತ್ರಿಕೆ: ನ್ಯೂಯಾರ್ಕ್ ಡೈಲಿ ನ್ಯೂಸ್ ಇವತ್ತಿಗೂ ಕೊಂಡು ಓದುವಂಥದ್ದೇ?

ನ್ಯೂಯಾರ್ಕಿನ ಪೇಪರ್ ಸ್ಟಾಲಿನಲ್ಲಿ ಎರಡು ಟ್ಯಾಬ್ಲಾಯ್ಡ್‌ಗಳು, ಅಂದರೆ ಸಣ್ಣ ಅಳತೆಯ ಪತ್ರಿಕೆಗಳು, ಒಂದರ ಪಕ್ಕ ಒಂದು ಕೂತಿರುತ್ತವೆ. ಎರಡಕ್ಕೂ ಅಂಗೈ ಅಗಲದ ಅಕ್ಷರ, ಎರಡಕ್ಕೂ ಹಿಂಬದಿಯಲ್ಲಿ ಕ್ರೀಡೆ. ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ಎತ್ತಿಕೊಂಡವರು ಬೇಕಾದಷ್ಟು ಜನ. ಒಂದು ನ್ಯೂಯಾರ್ಕ್ ಪೋಸ್ಟ್. 1801ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಶುರು ಮಾಡಿದ್ದು, 1942ರಲ್ಲಿ ಟ್ಯಾಬ್ಲಾಯ್ಡ್ ಆದದ್ದು, 1976ರಲ್ಲಿ ರೂಪರ್ಟ್ ಮರ್ಡಾಕ್ ಕೊಂಡು, 1988ರಲ್ಲಿ ಮಾರಿ, 1993ರಲ್ಲಿ ಮತ್ತೆ ತೆಕ್ಕೆಗೆ ತಂದುಕೊಂಡದ್ದು. ಇನ್ನೊಂದು ಡೈಲಿ ನ್ಯೂಸ್. ಇದು ಹುಟ್ಟುವಾಗಲೇ ಟ್ಯಾಬ್ಲಾಯ್ಡ್. ಇಲ್ಲಿ ನೋಡುತ್ತಿರುವುದು ಈ ಎರಡನೆಯದನ್ನು.

ಮೊದಲು ಕೈಗೆ ಬರುವ ವಸ್ತುವಿನ ಮಾತು. ದೊಡ್ಡ ಹಾಳೆಯ ಪತ್ರಿಕೆಯ ಒಂದು ಪುಟವನ್ನು ಅಡ್ಡಕ್ಕೆ ಮಡಿಸಿದರೆ ಸುಮಾರು ಟ್ಯಾಬ್ಲಾಯ್ಡ್ ಪುಟದ ಅಳತೆ ಬರುತ್ತದೆ. ಮಡಿಕೆಯಲ್ಲಿ ಕೂತ ಒಂದೊಂದು ಹಾಳೆಯಲ್ಲೂ ನಾಲ್ಕು ಪುಟ ಇರುತ್ತವೆ, ಹಾಗಾಗಿ ಪುಟಗಳ ಸಂಖ್ಯೆ ಯಾವಾಗಲೂ ನಾಲ್ಕರ ಲೆಕ್ಕದಲ್ಲೇ ಏರುತ್ತದೆ, ಇಳಿಯುತ್ತದೆ. ಇದರಿಂದ ಒಂದು ತಾಪತ್ರಯವೂ ಇದೆ. ಪಿನ್ ಹೊಡೆದಿರುವುದಿಲ್ಲವಾದ್ದರಿಂದ ನಡುವಿನ ಒಂದು ಹಾಳೆ ಜಾರಿ ಬಿದ್ದರೆ ಮುಂದಿನ ಎರಡು ಪುಟದ ಜೊತೆಗೆ ಹಿಂದಿನ ಎರಡು ಪುಟವೂ ಹೋಗುತ್ತವೆ. ಸ್ಟಾಲಿನಲ್ಲಿ ಮೇಲಿನ ಪ್ರತಿಯನ್ನು ನಾಲ್ಕು ಜನ ತಿರುವಿ ಹಾಕಿರುತ್ತಾರೆ. ಪುಟಸಂಖ್ಯೆ ನಡುವೆ ಹಾರಿದೆಯೇ ಎಂದು ಒಮ್ಮೆ ನೋಡಿಯೇ ದುಡ್ಡು ಕೊಡಿ.

ಓದುವ ದಾರಿಯೂ ಬೇರೆ. ಟ್ಯಾಬ್ಲಾಯ್ಡಿಗೆ ಎರಡು ಬಾಗಿಲು: ಸುದ್ದಿಗೆ ಮುಂದಿನಿಂದ, ಕ್ರೀಡೆಗೆ ಹಿಂದಿನಿಂದ. ಮುಖಪುಟದ ಆ ದೈತ್ಯ ತಲೆಬರಹಕ್ಕೆ ಅಲ್ಲಿನ ಡೆಸ್ಕಿನವರು ಇಂದಿಗೂ 'ವುಡ್' ಎನ್ನುತ್ತಾರೆ. ಸೀಸದ ಅಚ್ಚಿನಲ್ಲಿ ಅಷ್ಟು ದೊಡ್ಡ ಅಕ್ಷರ ಎರಕ ಹೊಯ್ಯುವುದು ಕಷ್ಟವೆಂದು ಮರದ ಅಚ್ಚು ಬಳಸುತ್ತಿದ್ದ ಕಾಲದ ಪಳೆಯುಳಿಕೆ ಆ ಹೆಸರು.

ವುಡ್ ಬರೆಯುವ ಕಸುಬು ಎಂಥದ್ದು ಎಂದು ತಿಳಿಯಲು 1975ರ ಅಕ್ಟೋಬರ್ 30ರ ಸಂಚಿಕೆ ಸಾಕು. ನ್ಯೂಯಾರ್ಕ್ ನಗರಪಾಲಿಕೆ ದಿವಾಳಿಯ ಅಂಚಿನಲ್ಲಿತ್ತು. ಹಿಂದಿನ ದಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಭಾಷಣ ಮಾಡಿ ಕೇಂದ್ರದ ನೆರವಿಗೆ ಒಪ್ಪುವುದಿಲ್ಲ ಎಂದಿದ್ದರು. ಪತ್ರಿಕೆ ಅಚ್ಚು ಹಾಕಿದ್ದು ಐದೇ ಪದ: 'ಫೋರ್ಡ್ ಟು ಸಿಟಿ: ಡ್ರಾಪ್ ಡೆಡ್'. ಹಾಳಾಗಿ ಹೋಗಿ ಎಂದು ಫೋರ್ಡ್ ನಗರಕ್ಕೆ ಹೇಳಿದ ಹಾಗೆ. ಅವರ ಬಾಯಿಂದ ಆ ಮಾತು ಬಂದೇ ಇರಲಿಲ್ಲ. ನಿಜವಾಗಿ ಹೇಳಿದ್ದು ಕೆಳಗಿನ ಸಣ್ಣ ಸಾಲಿನಲ್ಲಿತ್ತು: ನೆರವಿನ ಮಸೂದೆ ಬಂದರೆ ವೀಟೋ ಮಾಡುತ್ತೇನೆ ಎಂಬುದು. ಅಷ್ಟಾದರೂ ಡಿಸೆಂಬರಿನಲ್ಲಿ ಅದೇ ಫೋರ್ಡ್ ನಗರಕ್ಕೆ ವರ್ಷಕ್ಕೆ 230 ಕೋಟಿ ಡಾಲರುವರೆಗಿನ ಸಾಲದ ಕಾಯ್ದೆಗೆ ಸಹಿ ಹಾಕಿದರು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಆ ಐದು ಪದ. 1976ರ ಚುನಾವಣೆಯಲ್ಲಿ ನ್ಯೂಯಾರ್ಕ್ ರಾಜ್ಯ ಫೋರ್ಡ್ ಕೈತಪ್ಪಿತು. ಆದ್ದರಿಂದ ಈ ಪತ್ರಿಕೆ ಓದುವಾಗ ದೊಡ್ಡಕ್ಷರ ನೋಡಿ ನಕ್ಕುಬಿಡಿ, ಅದರ ಕೆಳಗಿನ ಸಣ್ಣ ಸಾಲನ್ನು ನಂಬಿ. ಅಭಿಪ್ರಾಯ ಮೇಲೆ, ಸಂಗತಿ ಕೆಳಗೆ.

ಇಂಥ ಪತ್ರಿಕೆ ಅಮೆರಿಕಕ್ಕೆ ಬಂದದ್ದು ಲಂಡನ್ನಿನ ಗಾಳಿಯಿಂದ. ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ನಡೆಸುತ್ತಿದ್ದ ಮನೆತನದ ಜೋಸೆಫ್ ಮೆಡಿಲ್ ಪ್ಯಾಟರ್ಸನ್ ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಿ ಡೈಲಿ ಮಿರರ್‌ನ ಸಂಸ್ಥಾಪಕ ಲಾರ್ಡ್ ನಾರ್ತ್‌ಕ್ಲಿಫ್ ಅವರನ್ನು ಕಂಡು, ಚಿತ್ರಗಳೇ ತುಂಬಿದ ಸಣ್ಣ ಅಳತೆಯ ಪತ್ರಿಕೆಗೆ ಮರುಳಾದರು. ಸೋದರಸಂಬಂಧಿ ರಾಬರ್ಟ್ ಮೆಕ್‌ಕಾರ್ಮಿಕ್ ಜೊತೆ ಸೇರಿ 1919ರ ಜೂನ್ 26ರಂದು 'ಇಲಸ್ಟ್ರೇಟೆಡ್ ಡೈಲಿ ನ್ಯೂಸ್' ಹೊರತಂದರು. ಬೆಲೆ 2 ಸೆಂಟ್. ಎರಡೇ ತಿಂಗಳಲ್ಲಿ ಪ್ರಸಾರ 26,625ಕ್ಕೆ ಕುಸಿಯಿತು. ಕೈಹಿಡಿದವರು ಸಬ್‌ವೇ, ಅಂದರೆ ಸುರಂಗ ರೈಲಿನ, ಪ್ರಯಾಣಿಕರು. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಓದಬಹುದಾದ ಪತ್ರಿಕೆ, ಇಂಗ್ಲಿಷ್ ಅಷ್ಟಾಗಿ ಬರದ ವಲಸಿಗರಿಗೆ ಚಿತ್ರದಲ್ಲೇ ಸುದ್ದಿ. ಆ ವರ್ಷ ಮುಗಿಯುವುದರೊಳಗೆ 'ಇಲಸ್ಟ್ರೇಟೆಡ್' ಎಂಬ ಬಾಲ ಕಳಚಿತು. 1947ರಲ್ಲಿ ದಿನಕ್ಕೆ 24 ಲಕ್ಷ, ಭಾನುವಾರ 47 ಲಕ್ಷ ಪ್ರತಿ. ಮುಖಪುಟದಲ್ಲಿ ಪತ್ರಿಕೆಯ ಹೆಸರಿನ ಜೊತೆ ಕ್ಯಾಮೆರಾ ಚಿತ್ರ ಸುಮ್ಮನೆ ಇದ್ದದ್ದಲ್ಲ.

ಚಿತ್ರಕ್ಕಾಗಿ ಎಲ್ಲಿಯವರೆಗೆ ಹೋಗುತ್ತಿದ್ದರು ಎನ್ನುವುದಕ್ಕೆ ರೂತ್ ಸ್ನೈಡರ್ ಪ್ರಕರಣ ನೋಡಬೇಕು. ಗಂಡನ ಕೊಲೆಗಾಗಿ ಆಕೆಯನ್ನು 1928ರ ಜನವರಿ 12ರಂದು ಸಿಂಗ್ ಸಿಂಗ್ ಜೈಲಿನಲ್ಲಿ ವಿದ್ಯುತ್ ಕುರ್ಚಿಗೆ ಏರಿಸಿದರು. ಒಳಗೆ ಕ್ಯಾಮೆರಾಕ್ಕೆ ಪ್ರವೇಶವಿಲ್ಲ. ಅಲ್ಲಿನ ಕಾವಲುಗಾರರಿಗೆ ಮುಖಪರಿಚಯ ಇಲ್ಲದ ಟಾಮ್ ಹೋವರ್ಡ್ ಎಂಬ ಛಾಯಾಗ್ರಾಹಕನನ್ನು ಹೊರಗಿನಿಂದ ಕರೆಸಿದರು. ಪುಟ್ಟ ಕ್ಯಾಮೆರಾವನ್ನು ಕಾಲಿನ ಹರಡಿಗೆ ಕಟ್ಟಿ, ಶಟರಿನ ಕೇಬಲನ್ನು ಪ್ಯಾಂಟಿನೊಳಗಿಂದ ಜೇಬಿಗೆ ಎಳೆದಿದ್ದರು. ಒಳಗಿದ್ದದ್ದು ಒಂದೇ ಪ್ಲೇಟು, ಎಡವಿದರೆ ಇನ್ನೊಂದು ಅವಕಾಶ ಇಲ್ಲ. ಕಾಲು ಎತ್ತಿ ಗುರಿ ಹಿಡಿದು ಒತ್ತಿದ್ದೇ ಆ ಮಸುಕಾದ, ತುಸು ವಾಲಿದ ಚಿತ್ರ. ಮರುದಿನದ ಮುಖಪುಟದಲ್ಲಿ ಅದರ ಮೇಲೆ ಒಂದೇ ಪದ: 'ಡೆಡ್!' ಇದು ಪತ್ರಿಕೋದ್ಯಮವೋ ಕ್ರೌರ್ಯವೋ ಎಂಬ ಜಗಳ ಇನ್ನೂ ಹರಿದಿಲ್ಲ. ಆ ಕ್ಯಾಮೆರಾ ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ.

ಇನ್ನು ಮಾಲೀಕತ್ವ. ಆನೆ ಇದ್ದರೂ ಸಾವಿರ ಸತ್ತರೂ ಸಾವಿರ ಎನ್ನುವ ಗಾದೆ ಈ ಆನೆಗೆ ಹೊಂದಲಿಲ್ಲ. ಪ್ಯಾಟರ್ಸನ್ 1946ರಲ್ಲಿ ತೀರಿಕೊಂಡ ಮೇಲೂ ಪತ್ರಿಕೆ ಟ್ರಿಬ್ಯೂನ್ ಕಂಪನಿಯ ಕೈಯಲ್ಲೇ ಇತ್ತು. 1978ರಲ್ಲಿ 88 ದಿನಗಳ ಮುಷ್ಕರ, ಆಮೇಲೆ ಇಳಿಜಾರು. 1990ರ ಅಕ್ಟೋಬರ್ 25ರಂದು ಬ್ರೂಕ್ಲಿನ್ ಮುದ್ರಣಾಲಯದಲ್ಲಿ, ಕೂತು ಕೆಲಸ ಮಾಡುತ್ತಿದ್ದ ಅಶಕ್ತ ಕೆಲಸಗಾರನೊಬ್ಬನನ್ನು ಮೇಲ್ವಿಚಾರಕ ಎದ್ದು ನಿಲ್ಲು ಎಂದದ್ದೇ ಕಿಡಿಯಾಯಿತು. ತಿಂಗಳುಗಟ್ಟಲೆ ಒಳಗೇ ಕುದಿಯುತ್ತಿದ್ದ ಒಪ್ಪಂದದ ಜಗಳ ಐದು ತಿಂಗಳ ಮುಷ್ಕರವಾಗಿ ಸ್ಫೋಟಿಸಿತು. ಆಡಳಿತ ಬದಲಿ ಕೆಲಸಗಾರರನ್ನು ಇಟ್ಟುಕೊಂಡು ಪತ್ರಿಕೆ ಅಚ್ಚು ಹಾಕಿತೇನೋ ನಿಜ, ಆದರೆ ಸ್ಟಾಲಿನವರು ಮುಟ್ಟಲಿಲ್ಲ. ಕೊನೆಗೆ ಮನೆಯಿಲ್ಲದ ಬಡವರ ಕೈಯಲ್ಲಿ ಪ್ರತಿ ಕೊಟ್ಟು ಸಬ್‌ವೇಯಲ್ಲಿ ಮಾರಿಸಿದರು. ಪತ್ರಿಕೆಗೆ ಅಚ್ಚು ಎಷ್ಟು ಮುಖ್ಯವೋ ಲಾರಿ, ಸ್ಟಾಲು ಅಷ್ಟೇ ಮುಖ್ಯ ಎಂಬುದನ್ನು ಆಡಳಿತ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ.

1991ರ ಮಾರ್ಚಿನಲ್ಲಿ ಬ್ರಿಟನ್ನಿನ ರಾಬರ್ಟ್ ಮ್ಯಾಕ್ಸ್‌ವೆಲ್ ಕೊಂಡರು. ಕೊಂಡರು ಎನ್ನುವುದು ಬಾಯಿಮಾತು ಅಷ್ಟೇ, ದುಡ್ಡು ಕೊಟ್ಟದ್ದು ಮಾರಿದವರು. ಟ್ರಿಬ್ಯೂನ್ 6 ಕೋಟಿ ಡಾಲರ್ ವರದಕ್ಷಿಣೆ ಸಮೇತ ಮಗಳನ್ನು ಕಳಿಸಿಕೊಟ್ಟಿತು. ಮುಚ್ಚಿದರೆ ಕೆಲಸಗಾರರ ಪರಿಹಾರ, ಪಿಂಚಣಿ ಎಲ್ಲ ತಲೆಗೆ ಬರುತ್ತಿತ್ತು, ದಾಟಿಸಿಬಿಡುವುದೇ ಅಗ್ಗ. ಅಳಿಯನ ಕತೆ ಬೇಗ ಮುಗಿಯಿತು. ನವೆಂಬರ್ 5ರಂದು ಕ್ಯಾನರಿ ದ್ವೀಪಗಳ ಬಳಿ ಮ್ಯಾಕ್ಸ್‌ವೆಲ್ ತಮ್ಮ ವಿಹಾರ ನೌಕೆಯಿಂದ ಕಾಣೆಯಾಗಿ ಸಮುದ್ರದಲ್ಲಿ ಶವವಾಗಿ ಸಿಕ್ಕರು. ಅವರ ಕಂಪನಿಗಳ ಪಿಂಚಣಿ ನಿಧಿಯ ಹಣ ಖಾಲಿಯಾಗಿರುವುದು ಬಯಲಾಯಿತು. ಡಿಸೆಂಬರಿನಲ್ಲಿ ಪತ್ರಿಕೆ ದಿವಾಳಿ ಅರ್ಜಿ ಹಾಕಿತು.

1993ರ ಜನವರಿಯಲ್ಲಿ ರಿಯಲ್ ಎಸ್ಟೇಟ್ ಉದ್ಯಮಿ ಮಾರ್ಟಿಮರ್ ಝುಕರ್‌ಮನ್ 3.6 ಕೋಟಿ ಡಾಲರಿಗೆ ತಮ್ಮದಾಗಿಸಿಕೊಂಡರು. ಇಪ್ಪತ್ತನಾಲ್ಕು ವರ್ಷ ನಡೆಸಿದರು. ಪತ್ರಿಕೆಯ ರಾಜಕೀಯ ಒಲವು ಊಹಿಸುವವರು ಇಲ್ಲಿ ಎಡವುತ್ತಾರೆ. 2008ರಲ್ಲಿ ಡೆಮಾಕ್ರಾಟ್ ಒಬಾಮಾಗೆ ಬೆಂಬಲ, 2012ರಲ್ಲಿ ಅವರ ಎದುರಾಳಿ ರಿಪಬ್ಲಿಕನ್ ರಾಮ್ನಿಗೆ, ಮತ್ತೆ 2016ರಲ್ಲಿ ಹಿಲರಿ ಕ್ಲಿಂಟನ್‌ಗೆ. ಪ್ಯಾಟರ್ಸನ್ ಕಾಲದಲ್ಲೂ ಹೀಗೇ, ವರ್ಷಗಟ್ಟಲೆ ಅಧ್ಯಕ್ಷ ರೂಸ್‌ವೆಲ್ಟ್ ಪರ ನಿಂತು ಯುದ್ಧದ ಪ್ರಶ್ನೆಯಲ್ಲಿ ಕಡು ವಿರೋಧಿಯಾದರು. ಝುಕರ್‌ಮನ್ ಕಾಲದ ಮುಜುಗರವೂ ಒಂದಿದೆ. 2005ರ ಮಾರ್ಚ್ 19ರಂದು 'ಸ್ಕ್ರ್ಯಾಚ್ ಎನ್ ಮ್ಯಾಚ್' ಬಹುಮಾನದ ಆಟದಲ್ಲಿ 12 ಇರಬೇಕಾದ ಕಡೆ 13 ಅಚ್ಚಾಯಿತು. ಕೆರೆದು ನೋಡಿದ ಸಾವಿರಾರು ಜನ ಲಕ್ಷ ಡಾಲರ್ ಬಂತೆಂದು ಕುಣಿದರು. ಒಂದಂಕಿ ತಪ್ಪಿಗೆ ಸಿಕ್ಕಷ್ಟು ಬೈಗುಳ ಯಾವ ಸಂಪಾದಕೀಯಕ್ಕೂ ಸಿಕ್ಕಿರಲಾರದು.

2015ರಲ್ಲಿ ಮಾರಾಟಕ್ಕಿಟ್ಟರೆ ಗಿರಾಕಿ ಸಿಗಲಿಲ್ಲ. 2017ರ ಏಪ್ರಿಲಿನಲ್ಲಿ ಪ್ರೊಪಬ್ಲಿಕಾ ಎಂಬ ತನಿಖಾ ಸುದ್ದಿಸಂಸ್ಥೆಯ ಜೊತೆಗೂಡಿ ಮಾಡಿದ ತನಿಖೆಗೆ ಸಾರ್ವಜನಿಕ ಸೇವೆಯ ಪುಲಿಟ್ಜರ್ ಪ್ರಶಸ್ತಿ ಬಂತು. ಪೊಲೀಸರು 'ಉಪದ್ರವ ನಿವಾರಣೆ' ಕಾಯ್ದೆ ಹಿಡಿದು ನೂರಾರು ಬಡವರನ್ನು, ಅದರಲ್ಲೂ ಹೆಚ್ಚಾಗಿ ಅಲ್ಪಸಂಖ್ಯಾತರನ್ನು, ಮನೆ ಬಿಡಿಸುತ್ತಿದ್ದ ವರದಿ ಅದು. ಅದಾಗಿ ಐದು ತಿಂಗಳಿಗೆ, ಸೆಪ್ಟೆಂಬರಿನಲ್ಲಿ, ಪತ್ರಿಕೆ ಟ್ರಾಂಕ್ ಕಂಪನಿಗೆ ಮಾರಾಟವಾಯಿತು. ಬೆಲೆ: 1 ಡಾಲರ್. ಜೊತೆಗೆ ಸಾಲ, ಪಿಂಚಣಿ ಹೊಣೆ ಎಲ್ಲ ಕೊಂಡವರ ಹೆಗಲಿಗೆ. ಟ್ರಾಂಕ್ ಎಂದರೆ ಹೆಸರು ಬದಲಿಸಿಕೊಂಡಿದ್ದ ಅದೇ ಹಳೆಯ ಟ್ರಿಬ್ಯೂನ್ ಪ್ರಕಾಶನ. ಮಗಳು ತವರಿಗೆ ಮರಳಿದ ಹಾಗಾಯಿತು. ಒಂದು ಡಾಲರಿನ ಸುದ್ದಿ ನೋಡಿ ನಕ್ಕವರು ಕರಾರಿನ ಇನ್ನೊಂದು ಸಾಲು ಓದಲಿಲ್ಲ: ಮ್ಯಾನ್‌ಹಾಟನ್ನಿಗೆ ಎದುರಾಗಿರುವ ಜರ್ಸಿ ಸಿಟಿಯ 25 ಎಕರೆಯಲ್ಲಿ ಶೇ 49.9 ಪಾಲು. ಪತ್ರಿಕೆಗೆ ಬೆಲೆ ಕಟ್ಟುವಾಗ ನೆಲ, ಯಂತ್ರ, ಸಾಲ, ಪಿಂಚಣಿ ಈ ನಾಲ್ಕನ್ನು ಬಿಟ್ಟು ನೋಡಿದರೆ ಯಾವ ಅಂಕಿಯೂ ಅರ್ಥವಾಗುವುದಿಲ್ಲ.

2018ರ ಜುಲೈನಲ್ಲಿ ಸುದ್ದಿಮನೆಯ ಅರ್ಧದಷ್ಟು ಜನರನ್ನು ಒಂದೇ ದಿನ ಮನೆಗೆ ಕಳಿಸಿದರು, ಪ್ರಧಾನ ಸಂಪಾದಕರೂ ಸೇರಿ. 2020ರ ಆಗಸ್ಟಿನಲ್ಲಿ ಕಚೇರಿಯನ್ನೇ ಕಾಯಂ ಮುಚ್ಚಿದರು. 2021ರ ಮೇ ತಿಂಗಳಲ್ಲಿ ಆಲ್ಡನ್ ಗ್ಲೋಬಲ್ ಕ್ಯಾಪಿಟಲ್ ಎಂಬ ಹೆಜ್ ಫಂಡ್ (ಸಿರಿವಂತರ ಹಣ ಹೂಡುವ ಸಂಸ್ಥೆ) ಸುಮಾರು 63.3 ಕೋಟಿ ಡಾಲರ್ ಲೆಕ್ಕದಲ್ಲಿ ಇಡೀ ಟ್ರಿಬ್ಯೂನ್ ಪ್ರಕಾಶನವನ್ನೇ ನುಂಗಿತು. ಡೈಲಿ ನ್ಯೂಸನ್ನು ಮಾತ್ರ 'ಡೈಲಿ ನ್ಯೂಸ್ ಎಂಟರ್‌ಪ್ರೈಸಸ್' ಎಂಬ ಬೇರೆ ಕಂಪನಿಯಾಗಿ ತೆಗೆದಿಟ್ಟಿತು. ಕೊಂಡ ಪತ್ರಿಕೆಗಳಲ್ಲಿ ಸಿಬ್ಬಂದಿ ಕಡಿತಕ್ಕೆ ಹೆಸರಾದ ಸಂಸ್ಥೆ ಅದು. ಪತ್ರಕರ್ತರು ಮತ್ತೆ ಯೂನಿಯನ್ ಕಟ್ಟಿ 2024ರ ಜನವರಿಯಲ್ಲಿ ಒಂದು ದಿನ ಕೆಲಸ ನಿಲ್ಲಿಸಿದರು. 1990ರ ಆ ಮುಷ್ಕರದ ನಂತರ ಇದೇ ಮೊದಲು.

ಹಾಗಾದರೆ ಕೊಳ್ಳಬೇಕೇ? ನ್ಯೂಯಾರ್ಕ್ ನಗರದಲ್ಲೇ ಇರುವವರಿಗೆ, ಕೋರ್ಟು, ಪೊಲೀಸ್, ಸಬ್‌ವೇ, ನಗರಸಭೆ, ಬಾಡಿಗೆ ಮನೆಯ ಜಗಳ ಇವು ಬೇಕಿದ್ದರೆ, ಕೊಳ್ಳಿ. ಕೈಗೆ ಸಿಕ್ಕಷ್ಟು ಜನರಲ್ಲೇ ಈ ಬೀದಿ ಸುದ್ದಿಯನ್ನು ಅವರು ಬಿಟ್ಟುಕೊಟ್ಟಿಲ್ಲ. ದೇಶ ವಿದೇಶದ ಸುದ್ದಿಗಾಗಿ ಬೇಡ, ಅದಕ್ಕೆ ಬೇರೆ ಪತ್ರಿಕೆಗಳಿವೆ. ಚಂದಾ ಕಟ್ಟುವ ಮೊದಲು ಒಂದು ವಾರ ಬಿಡಿ ಪ್ರತಿ ತಂದು ವರದಿಗಾರರ ಹೆಸರಿನ ಕೆಳಗಿನ ಸಾಲು ನೋಡಿ. ಪತ್ರಿಕೆಯ ಹೆಸರಿದ್ದರೆ ಮನೆಯ ಅಡುಗೆ, ಸುದ್ದಿಸಂಸ್ಥೆಯ ಹೆಸರಿದ್ದರೆ ಹೊರಗಿನಿಂದ ತರಿಸಿದ್ದು. ಇಡೀ ಸಂಚಿಕೆಯಲ್ಲಿ ಮನೆ ಅಡುಗೆ ಎಷ್ಟು ಎಂದು ಬೆರಳು ಮಡಚಿ ಎಣಿಸಿದರೆ ಕೊಡುವ ಹಣಕ್ಕೆ ಏನು ಬರುತ್ತಿದೆ ಎಂದು ಗೊತ್ತಾಗುತ್ತದೆ. ಕ್ರೀಡಾಪ್ರಿಯರು ಇನ್ನೊಂದನ್ನು ಗಮನಿಸಿ: ರಾತ್ರಿ ತಡವಾಗಿ ಮುಗಿದ ಪಂದ್ಯದ ಫಲಿತಾಂಶ ಕೈಗೆ ಬಂದ ಪ್ರತಿಯಲ್ಲಿ ಇದೆಯೇ ಎಂದು. ಇಲ್ಲವಾದರೆ ಅದು ಬೇಗ ಅಚ್ಚಿಗೆ ಹೋದ ಆವೃತ್ತಿ, ಹಿಂಬಾಗಿಲ ಓದುಗರಿಗೆ ಅರ್ಧ ನಷ್ಟ.

ಈ ಪತ್ರಿಕೆಯಲ್ಲಿ ಕಣ್ಣು ಮುಚ್ಚಿ ದುಡ್ಡು ಕೊಡಬಹುದಾದದ್ದು ಹಳೆಯ ಸಂಚಿಕೆಗಳ ಭಂಡಾರ. 1919ರಿಂದಲೂ ಪುಟಗಳು ನ್ಯೂಸ್‌ಪೇಪರ್ಸ್ ಡಾಟ್ ಕಾಮ್ ತಾಣದಲ್ಲಿ ಚಂದಾದಾರರಿಗೆ ಸಿಗುತ್ತವೆ. ಹುಡುಕುವಾಗ ಘಟನೆ ನಡೆದ ತಾರೀಖು ಹಾಕಬೇಡಿ, ಮರುದಿನದ್ದು ಹಾಕಿ. ಫೋರ್ಡ್ ಭಾಷಣ 29ರದ್ದು, ಮುಖಪುಟ 30ರದ್ದು. ದೊಡ್ಡಕ್ಷರದ ತಲೆಬರಹಗಳನ್ನು ಪುಟದ ಅಕ್ಷರ ಗುರುತಿಸುವ ಯಂತ್ರ ಎಷ್ಟೋ ಸಲ ತಪ್ಪಾಗಿ ಓದಿರುತ್ತದೆ, ಆದ್ದರಿಂದ ಒಳಪುಟದ ವರದಿಯಲ್ಲಿ ಬರಬಹುದಾದ ವ್ಯಕ್ತಿಯ ಹೆಸರು ಅಥವಾ ಬೀದಿಯ ಹೆಸರು ಕೊಟ್ಟರೆ ಬೇಗ ಸಿಗುತ್ತದೆ. ದಿನಕ್ಕೆ ಹಲವು ಆವೃತ್ತಿ ಬರುತ್ತಿದ್ದ ಕಾಲದ್ದಾದರೆ ನೆನಪಿನಲ್ಲಿರುವ ಮುಖಪುಟವೇ ಕಾಣದೆ ಹೋಗಬಹುದು. ಉಳಿದಿರುವುದು ಬೇರೆ ಆವೃತ್ತಿಯ ಪ್ರತಿಯಾಗಿರುತ್ತದೆ.