ಕ್ಯಾಬರ್ನೆ ಸೊವಿನ್ಯೋನ್ ಒಯ್ಯಬೇಕೋ, ಶಿರಾಜ್ ಒಯ್ಯಬೇಕೋ?

ಕಲಬುರಗಿಯ ಮನೆಗೆ ಈ ಎರಡು ದ್ರಾಕ್ಷಿ ತಳಿಗಳ ಕೆಂಪು ವೈನ್‌ಗಳಲ್ಲಿ ಒಂದೇ ಬಾಟಲಿ ಒಯ್ಯುವುದಾದರೆ, ಊಟಕ್ಕೆ ಏನಿದೆ ಎಂದು ಮೊದಲು ನೋಡಿ.

ಕ್ಯಾಬರ್ನೆ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ. ಹೀಗಾಗಿ ವೈನಿನಲ್ಲಿ ಒಗರು ಕೊಡುವ ಟ್ಯಾನಿನ್ ಹೆಚ್ಚು; ಹೊಸದಿದ್ದಾಗ ಕಡಕ್ ಕಪ್ಪು ಚಹಾದಂತೆ ಒಸಡು ಹಿಡಿಯುತ್ತದೆ. ಕೊಬ್ಬಿರುವ ಮಟನ್ ಜೊತೆ ಆ ಒಗರು ಮೆತ್ತಗಾಗುತ್ತದೆ, ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ. ಆದರೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಊಟದಲ್ಲಿ ಒಗರೂ ಖಾರವೂ ಸೇರಿ ನಾಲಿಗೆ ಉರಿಯುತ್ತದೆ.

ಅಂಥ ಊಟಕ್ಕೆ ಶಿರಾಜ್ ವಾಸಿ. ಹಣ್ಣಿನ ರುಚಿ ಮುಂದಿರುತ್ತದೆ, ಒಗರು ಸಾಮಾನ್ಯವಾಗಿ ಮೆದು. ಅದರ ಕಾಳುಮೆಣಸಿನ ಘಮಕ್ಕೆ ಕಾರಣ ರೋಟಂಡೋನ್ ಎಂಬ ಪರಿಮಳದ ಅಂಶ; ಕಾಳುಮೆಣಸಿನಲ್ಲೂ ಇರುವುದು ಅದೇ, ಎಷ್ಟು ಚೆಂದದ ನಂಟು! ಲೇಬಲ್ ಮಾತ್ರ ಓದಿ: ಆಲ್ಕೋಹಾಲ್ ಶೇ. 14 ದಾಟಿದರೆ ಶಿರಾಜ್ ಕೂಡ ಖಾರ ಏರಿಸುತ್ತದೆ. ಶೇ. 13ರ ಆಸುಪಾಸಿನದು ಸಾಕು.

ವರ್ಷಗಟ್ಟಲೆ ಇಡಲು ಒಳ್ಳೆಯ ಕ್ಯಾಬರ್ನೆ ಮೇಲು, 12–15 ಡಿಗ್ರಿ ತಂಪಿನ ಜಾಗವಿದ್ದರೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟರೆ ವೈನ್ ಹಿಗ್ಗಿ ಬಿರಡೆಯನ್ನು ಮೇಲೆ ತಳ್ಳುತ್ತದೆ, ಗಾಳಿ ಸೇರಿ ಕೆಡುತ್ತದೆ. ಆ ಜಾಗವಿಲ್ಲದವರು ಯಾವುದನ್ನೇ ತಂದರೂ ಬೇಗ ಕುಡಿದು ಮುಗಿಸಿ.

ಎರಡನ್ನೂ 16–18 ಡಿಗ್ರಿಯಲ್ಲಿ ಬಡಿಸಿ. ಬೇಸಿಗೆಯಲ್ಲಿ ಅರ್ಧ ಗಂಟೆಗೂ ಹೆಚ್ಚು ಫ್ರಿಜ್‌ನಲ್ಲಿಡಿ. ಹೊಸ ಕ್ಯಾಬರ್ನೆಯ ಒಗರು ಮೆತ್ತಗಾಗಲು ಅದನ್ನು ಒಂದು ಗಂಟೆ ಮೊದಲೇ ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದಿಡಿ.