ಸ್ನೋಮೊಬೈಲ್ ಟ್ರ್ಯಾಕಿನ ಬಿಗಿ ನೋಡಲು ಕೈ, ಅಕ್ಕಿ ಚೀಲ, ಲಗೇಜ್ ತಕ್ಕಡಿ, ಗೇಜ್: ಯಾವುದು ನಂಬಿಕಸ್ಥ?

ಬೈಕಿನ ಚೈನನ್ನು ಬೆರಳಲ್ಲಿ ಎತ್ತಿ ನೋಡಿ ‘ಸರಿಯಿದೆ’ ಅನ್ನುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಅಮೆರಿಕದ ಮಿನೆಸೋಟ, ಮಿಷಿಗನ್ ಕಡೆ ನೆಲೆಸಿ ಹಿಮದ ಮೇಲೆ ಓಡುವ ಗಾಡಿ, ಅಂದರೆ ಸ್ನೋಮೊಬೈಲ್ ಕೊಂಡವರು ಟ್ರ್ಯಾಕನ್ನೂ ಹೀಗೇ ನೋಡುತ್ತಾರೆ. ಆದರೆ ಚೈನಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. 137 ಇಂಚಿನ ಟ್ರ್ಯಾಕ್ ಎಂದರೆ ಸುಮಾರು ಮೂರೂವರೆ ಮೀಟರ್ ಸುತ್ತಳತೆಯ ದಪ್ಪ ರಬ್ಬರ್ ಪಟ್ಟಿ. ನೀವು ಎಷ್ಟು ಜೋರಾಗಿ ಎಳೆಯುತ್ತೀರೋ ಅಷ್ಟು ಜೋಲುತ್ತದೆ. ಹಾಗಾಗಿ ‘30 ಮಿ.ಮೀ. ಜೋಲು ಇರಬೇಕು’ ಎಂಬ ಮಾತು ಒಂದೇ ಇದ್ದರೆ ಅದಕ್ಕೆ ಅರ್ಥವಿಲ್ಲ. ಎಷ್ಟು ತೂಕಕ್ಕೆ, ಯಾವ ಜಾಗದಲ್ಲಿ ಎಂಬುದೂ ಜೊತೆಗಿರಬೇಕು. ನಾಲ್ಕು ವಿಧಾನಗಳನ್ನು ಒಂದೇ ಗಾಡಿಯ ಮೇಲೆ ಹೋಲಿಸಿ ನೋಡಿದಾಗ ಮುಖ್ಯವಾಗಿ ಕಂಡದ್ದು ಇದೇ.

ಯಾವ ವಿಧಾನವಾದರೂ ಸಿದ್ಧತೆ ಒಂದೇ. ಹಿಮದಲ್ಲಿ ಸ್ವಲ್ಪ ದೂರ ಓಡಿಸಿ ತನ್ನಿ. ಚಳಿಗೆ ಸೆಟೆದ ರಬ್ಬರ್ ಮೆತ್ತಗಾಗದೆ ನಿಜವಾದ ಅಳತೆ ಕೊಡುವುದಿಲ್ಲ. ಸಸ್ಪೆನ್ಷನ್ ಒಳಗೆ ಗಟ್ಟಿಯಾಗಿ ಕೂತ ಮಂಜುಗಡ್ಡೆ ತೆಗೆಯಿರಿ. ಹಿಂಭಾಗ ಎತ್ತಿ ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸಸ್ಪೆನ್ಷನ್ ಪೂರ್ತಿ ಕೆಳಗಿಳಿಯಲಿ. ಎಂಜಿನ್ ಆಫ್ ಇರಬೇಕು. ಅಳೆಯುವುದು ಟ್ರ್ಯಾಕಿನ ಒಳಗೆ ಉದ್ದಕ್ಕೂ ಇರುವ ಸಸ್ಪೆನ್ಷನ್ ದಂಡಗಳ (ರೈಲ್) ಅಡಿಗೆ ತೊಡಿಸಿರುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಹೈಫ್ಯಾಕ್ಸ್‌ನ ತಳಕ್ಕೂ ಟ್ರ್ಯಾಕಿನ ಒಳಮೈಗೂ ನಡುವಿನ ಅಂತರವನ್ನು. ಹೈಫ್ಯಾಕ್ಸ್ 3 ಮಿ.ಮೀ. ಸವೆದಿದ್ದರೆ ಆ 3 ಮಿ.ಮೀ. ನಿಮ್ಮ ಅಳತೆಯೊಳಗೆ ಸೇರಿಕೊಂಡು ಟ್ರ್ಯಾಕ್ ಸಡಿಲವಾದಂತೆ ತೋರಿಸುತ್ತದೆ. ಮೊದಲು ಸವೆತದ ಗುರುತು ನೋಡಿ, ಆಮೇಲೆ ಸ್ಕೇಲ್ ಹಿಡಿಯಿರಿ.

ಕೈಯಿಂದ ಎಳೆಯುವುದು: ಖರ್ಚಿಲ್ಲ, ಅರ್ಧ ನಿಮಿಷದ ಕೆಲಸ. ಆದರೆ ಒಬ್ಬರೇ ಮೂರು ಸಲ ಎಳೆದರೂ ಮೂರು ಅಳತೆ ಬರುತ್ತದೆ, ದಪ್ಪ ಕೈಗವಸು ಹಾಕಿದ್ದರಂತೂ ಕೇಳುವುದೇ ಬೇಡ. ಬಹಳ ಜನ ಈ ವಿಧಾನದಲ್ಲಿ ಬಿಗಿ ಮಾಡುವ ಕಡೆಗೇ ತಪ್ಪುತ್ತಾರೆ, ಏಕೆಂದರೆ ಜೋಲುವ ಟ್ರ್ಯಾಕ್ ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ. ದಾರಿಯ ಮಧ್ಯೆ ಏನೋ ಬದಲಾಗಿದೆ ಅನ್ನಿಸಿದಾಗ ನೋಡಿಕೊಳ್ಳಲು ಸಾಕು, ಬೋಲ್ಟ್ ತಿರುಗಿಸಲು ಸಾಲದು.

ತೂಕ ನೇತುಹಾಕುವುದು: ನಮ್ಮ ಮೊದಲ ಆಯ್ಕೆ ಇದೇ. ಅಗಲವಾದ ಪಟ್ಟಿಯೊಂದನ್ನು ಟ್ರ್ಯಾಕಿನ ಕೆಳಸುತ್ತಿನ ಒಳಮೈ ಮೇಲೆ ಅಡ್ಡಲಾಗಿ ಹಾಯಿಸಿ, ಎರಡೂ ತುದಿಗಳನ್ನು ಕೆಳಗೆ ಸೇರಿಸಿ ತೂಕ ಕಟ್ಟಿ. ತೂಕ ತಾನಾಗಿ ಜೋತು ನಿಲ್ಲುವುದರಿಂದ ಎರಡೂ ಕೈ ಸ್ಕೇಲಿಗೆ ಸಿಗುತ್ತವೆ. ಪೋಲಾರಿಸ್ ಕಂಪನಿಯ ಹಲವು ಮಾದರಿಗಳು ಕೇಳುವುದು 10 ಪೌಂಡ್, ಅಂದರೆ ಸುಮಾರು 4.5 ಕೆ.ಜಿ. ಇಂಡಿಯನ್ ಅಂಗಡಿಯ 10 ಪೌಂಡ್ ಸೋನಾ ಮಸೂರಿ ಚೀಲ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದನ್ನು ಹಿಂದಿನ ಐಡ್ಲರ್ ಚಕ್ರದ (ಟ್ರ್ಯಾಕಿನ ಒಳಗೆ ತಾನಾಗಿ ಉರುಳುವ ಚಕ್ರ) ನಡುಭಾಗದಿಂದ 16 ಇಂಚು ಮುಂದೆ ಕಟ್ಟಬೇಕು. ಹಲವು ಸ್ಕಿ-ಡೂ ಮಾದರಿಗಳಿಗೆ 7.3 ಕೆ.ಜಿ., ಮುಂದಿನ ಮತ್ತು ಹಿಂದಿನ ಐಡ್ಲರ್ ಚಕ್ರಗಳ ನಡುಮಧ್ಯದಲ್ಲಿ. ಹಲವು ಯಮಹಾ ಗಾಡಿಗಳಿಗೆ 10 ಕೆ.ಜಿ. ಬಕೆಟ್ಟಿಗೆ ನೀರು ತುಂಬಿ ಖಾಲಿ ಬಕೆಟ್ಟಿನ ತೂಕವೂ ಸೇರಿದಂತೆ ತೂಗಿಕೊಂಡರೆ ಯಾವ ಅಂಕಿಯಾದರೂ ಸಿಗುತ್ತದೆ.

ಜನ ಎಡವುವುದು ಇಲ್ಲೇ. ಗೆಳೆಯನ ಗಾಡಿಯ ತೂಕ, ತಮ್ಮ ಗಾಡಿಯ ಮಿಲಿಮೀಟರ್ ಎರಡನ್ನೂ ಬೆರೆಸಿಬಿಡುತ್ತಾರೆ. 7.3 ಕೆ.ಜಿ.ಗೆ ಹೇಳಿದ 30 ಮಿ.ಮೀ. ಅಂತರವನ್ನು 10 ಕೆ.ಜಿ. ಕಟ್ಟಿ ಹೊಂದಿಸಿದರೆ ಟ್ರ್ಯಾಕ್ ವಿಪರೀತ ಬಿಗಿ. ಅದೇ ಅಂತರವನ್ನು 4.5 ಕೆ.ಜಿ. ಕಟ್ಟಿ ಹೊಂದಿಸಿದರೆ ವಿಪರೀತ ಸಡಿಲ. ತೂಕ, ಜಾಗ, ಅಂತರ ಮೂರನ್ನೂ ನಿಮ್ಮ ಮಾದರಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಲಗೇಜ್ ತಕ್ಕಡಿ: ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಸಾಧನ ಎಲ್ಲರ ಮನೆಯಲ್ಲೂ ಇರುತ್ತದೆ. ಪಟ್ಟಿಗೆ ಸಿಕ್ಕಿಸಿ ಕೆಳಕ್ಕೆ ಎಳೆಯಬಹುದು. ಬಲದ ಅಂಕಿ ಸಿಗುವುದರಿಂದ ಬರೀ ಕೈಗಿಂತ ಎಷ್ಟೋ ಮೇಲು. ತೊಡಕೆಂದರೆ ಒಂದು ಕೈಯಲ್ಲಿ ಎಳೆತ ಹಿಡಿದು, ಇನ್ನೊಂದರಲ್ಲಿ ಅಳೆದು, ಕಣ್ಣು ಎರಡೂ ಕಡೆ ಇಡಬೇಕು. ಇಬ್ಬರಿದ್ದರೆ ಸುಲಭ. ನೇರ ಕೆಳಕ್ಕೆ ಎಳೆಯದೆ ಓರೆಯಾಗಿ ಎಳೆದರೆ ಅಂಕಿ ತಪ್ಪುತ್ತದೆ.

ಸ್ಪ್ರಿಂಗ್ ಗೇಜ್: ಪೆನ್ನಿನಾಕಾರದ ಉದ್ದ ಕೊಳವೆ, ಮೇಲೆ ಎರಡು ರಬ್ಬರ್ ಉಂಗುರ. ಕೆಳಗಿನ ಉಂಗುರವನ್ನು ಬೇಕಾದ ಅಂತರಕ್ಕೆ, ಮೇಲಿನದನ್ನು ಸೊನ್ನೆಗೆ ಇಟ್ಟು, ಕೆಳಗಿನ ಉಂಗುರ ಹೈಫ್ಯಾಕ್ಸ್‌ನ ತಳಕ್ಕೆ ಸರಿಹೊಂದುವ ತನಕ ಟ್ರ್ಯಾಕನ್ನು ಒತ್ತಬೇಕು. ಬೇಕಾದ ಬಲವನ್ನು ಮೇಲಿನ ಉಂಗುರ ಹಿಡಿದಿಟ್ಟಿರುತ್ತದೆ, ನಿಧಾನವಾಗಿ ಓದಿಕೊಳ್ಳಬಹುದು. ಬೋಲ್ಟ್ ತಿರುಗಿಸಿ ಮತ್ತೆ ಮತ್ತೆ ಅಳೆಯುವಾಗ ಇದರಷ್ಟು ವೇಗ ಬೇರೆ ಯಾವುದಕ್ಕೂ ಇಲ್ಲ. ಮನೆಯಲ್ಲಿ ಎರಡು ಮೂರು ಗಾಡಿ ಇದ್ದರೆ ಕೊಳ್ಳಿ. ಒಂದೇ ಇದ್ದರೆ ಅಕ್ಕಿ ಚೀಲವೇ ಸಾಕು.

ಇನ್ನು ಹೊಂದಾಣಿಕೆ. ಹಿಂದಿನ ಆಕ್ಸಲ್ ಬೋಲ್ಟ್ ಸಡಿಲಿಸಿ, ಎಡ ಬಲದ ಹೊಂದಾಣಿಕೆ ಬೋಲ್ಟ್‌ಗಳನ್ನು ಸಮವಾಗಿ ಅರ್ಧರ್ಧ ಸುತ್ತು ತಿರುಗಿಸಿ, ಪ್ರತಿ ಸಲವೂ ಅಳೆಯಿರಿ. ಅಂತರ ಸರಿಯಾದ ಮೇಲೆ ಎಂಜಿನ್ ಚಾಲೂ ಮಾಡಿ, ಟ್ರ್ಯಾಕ್ ಮೆಲ್ಲಗೆ ಕೆಲವು ಸುತ್ತು ತಿರುಗಲಿ. ಆಗ ಗಾಡಿಯ ಹಿಂದೆ ಯಾರೂ ನಿಲ್ಲಬಾರದು, ಕೈ ಹತ್ತಿರ ಹೋಗಬಾರದು. ಸಿಕ್ಕಿಕೊಂಡಿದ್ದ ಕಲ್ಲು ಗುಂಡಿನಂತೆ ಹಾರುತ್ತದೆ. ನಿಲ್ಲಿಸಿ, ಟ್ರ್ಯಾಕಿನ ಲೋಹದ ಕ್ಲಿಪ್‌ಗಳಿಗೂ ಹೈಫ್ಯಾಕ್ಸ್‌ಗೂ ನಡುವಿನ ಅಂತರ ಎರಡೂ ಬದಿ ಸಮ ಇದೆಯೇ ನೋಡಿ. ಟ್ರ್ಯಾಕ್ ಎಡಕ್ಕೆ ಸರಿಯುತ್ತಿದ್ದರೆ ಎಡಗಡೆಯ ಬೋಲ್ಟನ್ನೇ ಸ್ವಲ್ಪ ಬಿಗಿ ಮಾಡಬೇಕು. ಕೊನೆಗೆ ಆಕ್ಸಲ್ ಬೋಲ್ಟನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿಸಿ ಇನ್ನೊಮ್ಮೆ ಅಳೆಯಿರಿ. ಬಿಗಿಸುವಾಗ ಆಕ್ಸಲ್ ಕೊಂಚ ಸರಿಯುವುದುಂಟು.

ಕೈಪಿಡಿ ಕೊಡುವ ಅಂತರಕ್ಕೆ ಕನಿಷ್ಠ, ಗರಿಷ್ಠ ಎರಡೂ ಇರುತ್ತವೆ. ನಮ್ಮ ಒಲವು ಸಡಿಲದ ತುದಿಯ ಕಡೆಗೆ. ಬಿಗಿ ಹೆಚ್ಚಾದರೆ ಎಂಜಿನ್ನಿನ ಬಲ ತಿಕ್ಕಾಟದಲ್ಲೇ ಹೋಗುತ್ತದೆ, ಬೇರಿಂಗ್ ಸವೆಯುತ್ತದೆ, ಹೈಫ್ಯಾಕ್ಸ್ ಬಿಸಿಯಾಗುತ್ತದೆ. ಈ ಪ್ಲಾಸ್ಟಿಕ್ಕನ್ನು ತಂಪಾಗಿಡುವುದು ಹಿಮವೇ. ಹಿಮ ಕಡಿಮೆಯಿರುವ ಗಟ್ಟಿ ದಾರಿಯಲ್ಲಿ ಬಿಗಿ ಟ್ರ್ಯಾಕ್ ಓಡಿಸಿದ ಮೇಲೆ ಬಗ್ಗಿ ನೋಡಿದರೆ ಲೋಹದ ಕ್ಲಿಪ್‌ಗಳಿಗೆ ಕರಗಿದ ಪ್ಲಾಸ್ಟಿಕ್ಕಿನ ಎಳೆಗಳು ಅಂಟಿರುತ್ತವೆ. ಸಡಿಲ ಅತಿಯಾದರೆ ಅಪಾಯ ಬೇರೆ: ಥ್ರಾಟಲ್ ಜೋರಾಗಿ ಒತ್ತಿದಾಗಲೋ ಬ್ರೇಕ್ ಹಿಡಿದಾಗಲೋ ಟ್ರ್ಯಾಕನ್ನು ತಿರುಗಿಸುವ ಹಲ್ಲುಚಕ್ರದ (ಡ್ರೈವ್ ಸ್ಪ್ರಾಕೆಟ್) ಮೇಲೆ ಟ್ರ್ಯಾಕಿನ ಹಲ್ಲುಗಳು ಜಿಗಿದು ‘ಟಕಟಕ’ ಸದ್ದು ಬರುತ್ತದೆ. ಹಾಗೇ ಓಡಿಸಿದರೆ ಹಲ್ಲುಗಳು ಕಿತ್ತುಬರುತ್ತವೆ. ಆದರೆ ಸದ್ದು ಕೇಳಿದ ತಕ್ಷಣ ಬಿಗಿ ಮಾಡಬೇಡಿ. ಸ್ಪ್ರಾಕೆಟ್ ಸುತ್ತ ಮಂಜುಗಡ್ಡೆ ಕಟ್ಟಿದೆಯೇ, ಹಲ್ಲು ಸವೆದಿದೆಯೇ ಎಂದು ಮೊದಲು ನೋಡಿ.

ಹೊಸ ಟ್ರ್ಯಾಕ್ ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಹಿಗ್ಗುತ್ತದೆ. ಆ ಅವಧಿಯಲ್ಲಿ ಪ್ರತಿ ದೊಡ್ಡ ಸವಾರಿಯ ನಂತರ ಅದೇ ತೂಕ, ಅದೇ ಜಾಗದಲ್ಲಿ ಅಳೆದು ಅಂತರವನ್ನು ಬರೆದಿಡಿ.